ಮಂಡಿಯ ಲೆಕ್ಕ ಲೆಕ್ಕಕ್ಕಿಲ್ಲವೇ?

ಅರ್ಜಿ ಕಳಿಸುವ ಗಡುವು ರಾತ್ರಿ 12ಕ್ಕೆ. ನೀನು ಒಂಬತ್ತೂವರೆಗೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ತಾತ, ನನ್ನ ರೆಸ್ಯೂಮೆ ಒಂದ್ಸಲ ನೋಡಿಬಿಡಿ, ಎರಡೇ ನಿಮಿಷ" ಅನ್ನುತ್ತೀಯ. ಎರಡೇ ನಿಮಿಷದ ಕೆಲಸವಾಗಿದ್ದರೆ ಹದಿನೈದು ದಿನದಿಂದ ಏನು ಮಾಡುತ್ತಿದ್ದೆ ಮಗಾ? ಹೋಗಲಿ, ಕೂತ್ಕೋ. ಬುದ್ಧಿ ಇರುವ ಮಕ್ಕಳಿಗೆ ಆತುರವೂ ಒಂದು ಹಿಡಿ ಜಾಸ್ತಿ. ಬೈದು ಪ್ರಯೋಜನವಿಲ್ಲ. ಮಜ್ಜಿಗೆ ಕುಡಿ.

ನೋಡಿದೆ. ಹಾಳೆ ಚೆನ್ನಾಗಿದೆ. ಸುತ್ತ ನೀಲಿ ಬಾರ್ಡರು. ಮೂಲೆಯಲ್ಲಿ ನಿನ್ನ ಫೋಟೋ, ಸ್ಟುಡಿಯೋದವನು ಮುಖಕ್ಕೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಮಾಡಿಟ್ಟಿದ್ದಾನೆ. ಮೂರು ಕಡೆ ಮೂರು ತರದ ಅಕ್ಷರ. ಇದೆಲ್ಲ ಸಹಿಸಿಕೊಂಡೆ. ಆಮೇಲೆ 'ಎಕ್ಸ್‌ಪೀರಿಯೆನ್ಸ್' ಅನ್ನುವ ಕಡೆ ಒಂದೇ ಪದ: 'ನಿಲ್'. ನನಗೆ ಸಿಟ್ಟು ಬಂದಿದ್ದು ಅಲ್ಲಿ.

ಕಳೆದ ಎರಡು ಬೇಸಿಗೆ ರಜದಲ್ಲಿ ನೀನು ಎಲ್ಲಿದ್ದೆ? ಎಪಿಎಂಸಿಯಲ್ಲಿ, ನಿನ್ನ ಸೋದರಮಾವನ ಕೊಬ್ಬರಿ ಮಂಡಿಯಲ್ಲಿ. ತಿಪಟೂರಿನಲ್ಲಿ ಹುಟ್ಟಿದವರಿಗೆ ಕೊಬ್ಬರಿ ವ್ಯಾಪಾರ ಮನೆ ಮುಂದಿನ ಜಗಲಿ ಇದ್ದ ಹಾಗೆ, ಅದು ಅಲ್ಲಿದೆ ಅಂತಲೇ ಕಾಣಿಸುವುದಿಲ್ಲ. ಚೀಲ ತೂಕಕ್ಕೆ ಬಂದಾಗ ಚೀಟಿ ಬರೆದವರು ಯಾರು? ರೈತನ ಹೆಸರು, ಊರು, ಚೀಲ ಎಷ್ಟು, ಕ್ವಿಂಟಲ್ ಎಷ್ಟು, ಕೆ.ಜಿ. ಎಷ್ಟು, ಅವತ್ತಿನ ದರ ಏನು, ಕೂಡಿ ಕಳೆದು ಕೈಗೆ ಎಷ್ಟು ಬರುತ್ತೆ ಅಂತ ಕನ್ನಡಕ ಮರೆತು ಬಂದ ಅಜ್ಜನಿಗೆ ಎರಡೆರಡು ಸಲ ಓದಿ ಹೇಳಿದವರು ಯಾರು? ಒಂದು ಸಂಜೆ ಪುಸ್ತಕಕ್ಕೂ ಗಲ್ಲಾಪೆಟ್ಟಿಗೆಗೂ 900 ರೂಪಾಯಿ ತಾಳೆ ಬರಲಿಲ್ಲ. ನಿಮ್ಮ ಮಾವ ಆಳನ್ನು ಅನುಮಾನಿಸಲು ಶುರುಮಾಡಿದ. ನೀನು ಮಾತ್ರ ರಾತ್ರಿ ಎಂಟರವರೆಗೆ ಕೂತು, 4500 ಬರೆಯಬೇಕಾದ ಕಡೆ 5400 ಬರೆದಿದ್ದನ್ನು ಹುಡುಕಿ ತೆಗೆದೆ. ಇದನ್ನು ನನಗೆ ಹೇಳಿದ್ದು ನಿಮ್ಮ ಮಾವನೇ, ಬಾಯಿ ತುಂಬ ನಗುತ್ತಾ. (ವ್ಯತ್ಯಾಸ 9ರಿಂದ ಭಾಗವಾದರೆ ಮೊದಲು ಅಂಕಿ ಹಿಂದುಮುಂದಾಗಿದೆಯಾ ಅಂತ ನೋಡಬೇಕು. ಹಳೇ ಗುಮಾಸ್ತರಿಗೆಲ್ಲ ಗೊತ್ತಿದ್ದ ಗುಟ್ಟು. ಮುಂದಿನ ಸಲ ಎಂಟು ಗಂಟೆವರೆಗೆ ಕೂರಬೇಡ.)

ಇಷ್ಟು ಮಾಡಿ 'ನಿಲ್' ಅಂತ ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು? "ಅಯ್ಯೋ ತಾತ, ಅದು ಮನೆ ಕೆಲಸ. ಸಂಬಳ ಇರಲಿಲ್ಲ." ಸಂಬಳ ಇಲ್ಲದ್ದು ಕೆಲಸವೇ ಅಲ್ಲ ಅನ್ನುವುದಾದರೆ, ನಿಮ್ಮಮ್ಮ ಇಪ್ಪತ್ತು ವರ್ಷದಿಂದ ಸುಮ್ಮನೆ ಕೂತಿದ್ದಾಳೆ ಅನ್ನು ನೋಡೋಣ, ಅವಳ ಎದುರಿಗೇ.

ನಾನು 31 ವರ್ಷ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ, ಕೆಲಸ ಕೇಳಿ ಬಂದವರ ಅರ್ಜಿ ಓದಿಕೊಂಡೇ ತಲೆ ಹಣ್ಣು ಮಾಡಿಕೊಂಡವನು. ಅರ್ಜಿ ಓದುವುದು ಹೇಗೆ ಗೊತ್ತಾ? ಅಕ್ಕಿ ಆರಿಸಿದ ಹಾಗೆ. ಮೊರದಲ್ಲಿ ಅಕ್ಕಿ ಹರಡಿಕೊಂಡವರು ಒಂದೊಂದೇ ಕಾಳು ನೋಡುತ್ತಾರಾ? ಮಾತು ಪಕ್ಕದವರ ಜೊತೆ, ಕಣ್ಣು ಮೊರದ ಮೇಲೆ. ಕಲ್ಲು ಕಂಡ ಕಡೆ ಮಾತ್ರ ಕೈ ಹೋಗುತ್ತೆ. ನನ್ನ ಮೇಜಿಗೆ ಬಂದ ಅರ್ಜಿಗಳಲ್ಲಿ ಮುಕ್ಕಾಲು ಪಾಲು ಒಂದೇ ಜೆರಾಕ್ಸ್ ಅಂಗಡಿಯಲ್ಲಿ ಹುಟ್ಟಿದ ಅಣ್ಣತಮ್ಮಂದಿರಂತೆ ಇರುತ್ತಿದ್ದವು. ಎಲ್ಲರಿಗೂ ಸವಾಲಿನ ವಾತಾವರಣ ಬೇಕು. ಎಲ್ಲರೂ ಶ್ರಮಜೀವಿಗಳು. ಎಲ್ಲರ ಹವ್ಯಾಸ ಪುಸ್ತಕ ಓದುವುದು, ಯಾವ ಪುಸ್ತಕ ಅಂತ ಕೇಳಿದರೆ ಮಾತ್ರ ಫ್ಯಾನ್ ಕಡೆ ನೋಡುತ್ತಾರೆ. ಒಬ್ಬ ಹುಡುಗಿಯ ಅರ್ಜಿಯಲ್ಲಂತೂ ತಂದೆಯ ಹೆಸರು ಮೇಲೆ ಒಂದು, ಕೆಳಗಿನ ಡಿಕ್ಲರೇಷನ್‌ನಲ್ಲಿ ಇನ್ನೊಂದು. ಅಂಗಡಿಯವನು ಹಿಂದಿನ ಗಿರಾಕಿಯದನ್ನೇ ತಿದ್ದಿ ಕೊಟ್ಟಿದ್ದ, ಅಳಿಸುವುದನ್ನು ಮರೆತಿದ್ದ. ಪಾಪ, ಒಂದೇ ಹಾಳೆಯಲ್ಲಿ ಇಬ್ಬರು ಅಪ್ಪಂದಿರು. ಹುಡುಗಿ ಚುರುಕಾಗಿದ್ದಳು, ಅದು ಬೇರೆ ಮಾತು. ಚುರುಕು ಅಂತ ಗೊತ್ತಾಗಿದ್ದು ಕರೆಸಿ ಮಾತಾಡಿಸಿದ ಮೇಲೆ. ಎಷ್ಟು ಜನರನ್ನು ಕರೆಸದೇ ಬಿಟ್ಟೆವೋ, ಯಾರಿಗೆ ಗೊತ್ತು.

ಹಾಗಾಗಿ ಮೊದಲು ಆ 'ನಿಲ್' ಹೊಡೆದುಹಾಕು. ಅಲ್ಲಿ ಹೀಗೆ ಬರೆ: "ತಿಪಟೂರು ಎಪಿಎಂಸಿಯಲ್ಲಿ ಕುಟುಂಬದ ಕೊಬ್ಬರಿ ಮಂಡಿ. ಎರಡು ಬೇಸಿಗೆ ರಜೆಯಲ್ಲಿ ಕೆಲಸ. ದಿನಕ್ಕೆ ಸುಮಾರು 40 ತೂಕದ ಚೀಟಿ ಬರೆದು, ಸಂಜೆ ಎಕ್ಸೆಲ್‌ಗೆ ಏರಿಸಿ, ನಗದು ತಾಳೆ ನೋಡುತ್ತಿದ್ದೆ." ಕುಟುಂಬದ್ದು ಅನ್ನುವುದನ್ನು ಮುಚ್ಚಿಡಬೇಡ, ಸಂಬಳ ಇತ್ತು ಅಂತಲೂ ಹೇಳಬೇಡ. ಮಾವನನ್ನು 'ಮ್ಯಾನೇಜಿಂಗ್ ಡೈರೆಕ್ಟರ್' ಮಾಡಿ, ನಿನ್ನನ್ನು 'ಅಕೌಂಟ್ಸ್ ಎಕ್ಸಿಕ್ಯುಟಿವ್' ಮಾಡಿಕೊಳ್ಳುವ ಚಪಲ ಬರುತ್ತೆ. ಬಂದಾಗ ಒಂದು ಲೋಟ ನೀರು ಕುಡಿ. ಏನು ಮಾಡಿದೆ, ಎಷ್ಟು ಮಾಡಿದೆ, ಎಷ್ಟು ದಿನ ಮಾಡಿದೆ, ಇಷ್ಟು ಸಾಕು. 'ಶ್ರಮಜೀವಿ' ಅನ್ನುವ ಮಾತನ್ನು ನೀನು ಹೇಳಿಕೊಳ್ಳಬಾರದು, ಓದಿದವರು ಅಂದುಕೊಳ್ಳಬೇಕು. ಲೆಕ್ಕದ ಕೆಲಸಕ್ಕೆ ಹುಡುಗರನ್ನು ಹುಡುಕುವವನು ಬಾರ್ಡರಿನ ನೀಲಿ ಬಣ್ಣ ನೋಡಿ ಮರುಳಾಗುವುದಿಲ್ಲ. ದುಡ್ಡು ಮುಟ್ಟಿ, ಎಣಿಸಿ, ಒಪ್ಪಿಸಿದವರು ಅಂತ ಕಂಡರೆ ಅವನ ಕೈ ಅಲ್ಲೇ ನಿಲ್ಲುತ್ತೆ.

ನಿನ್ನ ಕ್ಲಾಸಿನಲ್ಲಿ ಹಳ್ಳಿಯಿಂದ ಬರುವ ಒಬ್ಬ ಹುಡುಗಿ ಇದ್ದಾಳಲ್ಲ, ಅವಳೂ 'ನಿಲ್' ಅಂತಲೇ ಬರೆದಿರುತ್ತಾಳೆ, ಬೇಕಾದರೆ ಪಂಥ ಕಟ್ಟು. ಅವರ ಹಳ್ಳಿಯ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ ಅವರ ದೊಡ್ಡಪ್ಪ. ಬೆಳಗಿನ ಜಾವ ಸಾಲಲ್ಲಿ ನಿಂತವರ ಹಾಲು ಅಳೆದು, ಫ್ಯಾಟು ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಮಿಷನ್‌ನಲ್ಲಿ ನೋಡಿ ಬರೆಯುವವಳು ಅವಳು. "ನನ್ನ ಹಸು ಹಾಲಿಗೆ ಫ್ಯಾಟು ಕಮ್ಮಿ ಯಾಕೆ ತೋರಿಸಿದೆ" ಅಂತ ಜಗಳಕ್ಕೆ ಬಂದವರನ್ನು ಸಮಾಧಾನ ಮಾಡಿ ಕಳಿಸುವವಳೂ ಅವಳೇ. ಗಿರಾಕಿಗಳನ್ನು ಸಂಭಾಳಿಸುವುದು ಅಂತ ಕಂಪನಿಗಳು ಏನನ್ನು ಕೇಳುತ್ತವೋ ಅದು ಇದಕ್ಕಿಂತ ದೊಡ್ಡದೇನಲ್ಲ. ಎನ್‌ಎಸ್‌ಎಸ್‌ನಲ್ಲೂ ಇದ್ದಾಳೆ. ಅಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಆಗಬೇಕು, ಜೊತೆಗೆ 7 ದಿನದ ಶಿಬಿರ. ಬರೀ 'ಎನ್‌ಎಸ್‌ಎಸ್ ಸ್ವಯಂಸೇವಕಿ' ಅಂತ ಬರೆದರೆ ಸರ್ಟಿಫಿಕೇಟು ಕಾಣುತ್ತೆ. ಶಿಬಿರದಲ್ಲಿ ಅಷ್ಟು ಜನಕ್ಕೆ ಅಡುಗೆ ಸಾಮಾನು ತಂದು ಖರ್ಚಿನ ಲೆಕ್ಕ ಒಪ್ಪಿಸಿದೆ ಅಂತ ಬರೆದರೆ ಆಳು ಕಾಣುತ್ತಾಳೆ. ಸಂಜೆ ಹೊತ್ತು ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳಂತೆ, ಅದನ್ನೂ ಬರೆಯಲಿ, ನಾಚಿಕೆ ಬೇಡ. ವಿಶ್ವೇಶ್ವರಯ್ಯನವರೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿಯೇ ಖರ್ಚು ತೂಗಿಸಿಕೊಂಡು 1881ರಲ್ಲಿ ಬಿ.ಎ. ಮುಗಿಸಿದ್ದು. ಅಣೆಕಟ್ಟು ಆಮೇಲೆ ಬಂತು.

ಇನ್ನು ಈ 'ಸ್ಕಿಲ್ಸ್'. ಟ್ಯಾಲಿ, ಎಕ್ಸೆಲ್, ಪೈಥಾನ್, ಫೋಟೋಶಾಪ್. ಅಬ್ಬಬ್ಬಾ! ಪೈಥಾನ್ ಎಲ್ಲಿಂದ ಬಂತು? ಯೂಟ್ಯೂಬಿನಲ್ಲಿ ಎರಡು ವಿಡಿಯೋ ನೋಡಿದ್ದೆ ಅಂತೀಯ. ನಾನೂ ಟಿ.ವಿ.ಯಲ್ಲಿ ಹೃದಯದ ಆಪರೇಷನ್ ನೋಡಿದ್ದೇನೆ, ಬರ್ತೀಯಾ ಮಾಡ್ತೀನಿ? ಟ್ಯಾಲಿ ಕೋರ್ಸು ಮಾಡಿದ್ದೀಯ, ಸರಿ. ಆದರೆ ಎದುರಿಗೆ ಕೂತವರು, "ಗಲ್ಲಾದ ನಗದನ್ನು ಬ್ಯಾಂಕಿಗೆ ಕಟ್ಟಿದರೆ ಯಾವ ವೋಚರ್?" ಅಂತ ಕೇಳಿದರೆ ತಡಬಡಾಯಿಸದೆ 'ಕಾಂಟ್ರಾ, ಎಫ್4' ಅನ್ನಬೇಕು. ಪೇಮೆಂಟಿಗೆ ಎಫ್5, ರಸೀತಿಗೆ ಎಫ್6, ಜರ್ನಲ್‌ಗೆ ಎಫ್7. ಇದು ಬೆರಳಿಗೆ ಗೊತ್ತಿದ್ದರೆ ಬರೆ. ಬಾಯಿಗೆ ಮಾತ್ರ ಗೊತ್ತಿದ್ದರೆ ಇವತ್ತು ರಾತ್ರಿ ಬೆರಳಿಗೂ ಕಲಿಸು.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ ನಾನೇ ಒಂದು ಸಲ ಬಿದ್ದು ಮೂಗು ಒಡೆದುಕೊಂಡಿದ್ದೇನೆ. 1974ರ ಮಾತು. ಟೈಪಿಂಗ್ ಜೂನಿಯರ್ ಪಾಸಾಗಿತ್ತು, ಸೀನಿಯರ್‌ಗೆ ಕಟ್ಟಿರಲೂ ಇಲ್ಲ. ಅರ್ಜಿಯಲ್ಲಿ 'ಸೀನಿಯರ್' ಅಂತ ಜಂಭವಾಗಿ ಬರೆದೆ. ಯಾರು ಕೇಳ್ತಾರೆ ಅಂತ. ಇಂಟರ್‌ವ್ಯೂನಲ್ಲಿ ಆ ಸಾಹೇಬರು ಒಂದೂ ಪ್ರಶ್ನೆ ಕೇಳಲಿಲ್ಲ. ಪಕ್ಕದ ಕೋಣೆಯ ರೆಮಿಂಗ್ಟನ್ ತೋರಿಸಿ, ಒಂದು ಕಾಗದ ಕೊಟ್ಟು, ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ನನ್ನ ಬೆರಳುಗಳು ನಡುಗಿದ ಸದ್ದು ಮಿಷನ್ನಿನ ಸದ್ದಿಗಿಂತ ಜೋರಾಗಿತ್ತು. ಅರ್ಧ ಪುಟಕ್ಕೇ ಅವರು ಕಾಗದ ಎಳೆದುಕೊಂಡು, "ಜೂನಿಯರ್ ಅಂತ ಬರೆದಿದ್ದರೂ ತಗೋತಿದ್ದೆವಲ್ಲಯ್ಯ" ಅಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಆ ಮಾತು ಇನ್ನೂ ಕಿವಿಯಲ್ಲಿದೆ. ಬಸ್ಸಿಗೆ ಇಟ್ಟಿದ್ದ ದುಡ್ಡಲ್ಲಿ ಕಾಫಿ ಕುಡಿದು ಸ್ಟೇಷನ್‌ವರೆಗೆ ನಡೆದೇ ಹೋದೆ.

ಈಗಿನವರಿಗೆ ಇನ್ನೊಂದು ಸೌಕರ್ಯ. ಫೋನಿಗೆ ಹೇಳಿದರೆ ಅದೇ ಬರೆದುಕೊಡುತ್ತೆ. ನಿನ್ನ ಹಾಳೆಯ ಮೇಲಿನ ನಾಲ್ಕು ಸಾಲು ಅದರದ್ದೇ ಅಂತ ನನಗೆ ಗೊತ್ತು. ನೀನು ಹುಟ್ಟಿದಾಗಿನಿಂದ ಆ ತರ ಮಾತಾಡಿದ್ದನ್ನು ನಾನು ಕೇಳಿಲ್ಲ. ಫೋನ್ ಬೇಡ ಅನ್ನಲ್ಲ. ಕಾಗುಣಿತ ತಿದ್ದಲಿ, ಇಂಗ್ಲಿಷ್ ನೇರ ಮಾಡಲಿ. ಆದರೆ ಒಂದು ಪರೀಕ್ಷೆ ಮಾಡು. ಹಾಳೆಯ ಪ್ರತಿ ಸಾಲನ್ನೂ ನಿಮ್ಮಮ್ಮನಿಗೆ ಕನ್ನಡದಲ್ಲಿ ಹೇಳು. ಕನ್ನಡದಲ್ಲಿ ಹೇಳಲು ಬರದ ಸಾಲಿನಲ್ಲಿ ಹುರುಳಿಲ್ಲ, ತೆಗಿ. ಹೇಳಿದ ಮೇಲೆ ಅವಳು ನಕ್ಕರೂ ತೆಗಿ. ಅವಳು, "ಅಲ್ವೋ, ಆ ಗಣಪತಿ ಹಬ್ಬದ ಚಂದಾ ಲೆಕ್ಕ ನೀನೇ ನೋಡ್ಕೊಂಡಿದ್ದೆ, ಅದನ್ನ ಯಾಕೆ ಬರೆದಿಲ್ಲ?" ಅಂದರೆ ಆ ಸಾಲು ಸೇರಿಸು. ತಾಯಂದಿರ ನೆನಪು ಒಳ್ಳೆ ರಿಜಿಸ್ಟರು, ಅದರಲ್ಲಿ ಪುಟ ಹರಿದಿರುವುದಿಲ್ಲ.

ಮಿಕ್ಕಿದ್ದು ಚಿಲ್ಲರೆ, ಬೇಗ ಹೇಳಿಬಿಡುತ್ತೇನೆ. ಆಧಾರ್ ನಂಬರು ಹಾಳೆಯಲ್ಲಿ ಯಾಕಪ್ಪಾ? ಊರೆಲ್ಲ ಹಂಚುವ ಕರಪತ್ರ ಇದು. ಧರ್ಮ, ಜಾತಿ, ಎತ್ತರ, ತೂಕ ಯಾವುದೂ ಖಾಸಗಿ ಕಂಪನಿಯ ಲೆಕ್ಕದ ಕೆಲಸಕ್ಕೆ ಬೇಕಿಲ್ಲ. ಸರ್ಕಾರಿ ಅರ್ಜಿಯ ದಾರಿ ಬೇರೆ, ಅಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ತುಂಬಬೇಕು. ಫೋಟೋ ಕೇಳಿದರೆ ಮಾತ್ರ ಕೊಡು, ಕೊಟ್ಟರೆ ನಿನ್ನ ಬಣ್ಣದ್ದೇ ಕೊಡು. ಇ-ಮೇಲ್ ಐಡಿಯಲ್ಲಿ ನೀನು 'ತಿಪಟೂರು ಟೈಗರ್' ಅಂತೆ. ಹುಲಿಯನ್ನು ಕಾಡಿಗೆ ಕಳಿಸಿ ನಿನ್ನ ಹೆಸರಲ್ಲಿ ಇನ್ನೊಂದು ಮಾಡಿಕೋ. ಒಂದು ಪುಟ ಸಾಕು, ನಿನ್ನ ವಯಸ್ಸಿಗೆ ಎರಡನೇ ಪುಟ ಬರೀ ಗಾಳಿ. ಪಿಡಿಎಫ್ ಮಾಡು, ಫೈಲಿಗೆ ನಿನ್ನ ಹೆಸರಿಡು. 'ಫೈನಲ್ ಫೈನಲ್ 2' ಅಂತ ಕಳಿಸಿದರೆ ಅವರು ಯಾರದ್ದು ಅಂತ ತಿಳಿಯಬೇಕು? ಬಾರ್ಡರು, ಕೋಷ್ಟಕ ತೆಗಿ. ಈಗ ದೊಡ್ಡ ಕಂಪನಿಗಳಲ್ಲಿ ಮನುಷ್ಯರಿಗಿಂತ ಮೊದಲು ಕಂಪ್ಯೂಟರೇ ಓದುತ್ತೆ, ಅದಕ್ಕೆ ಅಲಂಕಾರ ಕಂಡರೆ ಗಲಿಬಿಲಿ.

ಭಾಷೆಗಳಲ್ಲಿ ಕನ್ನಡವನ್ನು ಕೊನೆಗೆ ತಳ್ಳಿದ್ದೀಯ. ಓದು, ಬರಹ, ಟೈಪಿಂಗ್ ಮೂರೂ ಬರುತ್ತೆ ಅಂತ ಮೇಲಕ್ಕೆ ತಾ. ಬೆಂಗಳೂರಿನಲ್ಲಿ ಕನ್ನಡದ ಬಿಲ್ಲು ಓದಿ ಲೆಕ್ಕಕ್ಕೆ ಹಾಕುವ ಕೈ ಹುಡುಕುವವರು ಇದ್ದಾರೆ. ಆದರೆ ಕನ್ನಡದಲ್ಲಿ ಏನಾದರೂ ಕಳಿಸುವಾಗ ಯೂನಿಕೋಡ್‌ನಲ್ಲಿ ಹೊಡಿ. ಹಳೇ ನುಡಿ ಫಾಂಟಿನಲ್ಲಿ ಹೊಡೆದು ವರ್ಡ್ ಫೈಲ್ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತೆ.

ಮೊದಲ ವರ್ಷ ಒಂದು ಪೇಪರ್ ಹೋಗಿತ್ತಲ್ಲ, ಅದರ ಬಗ್ಗೆ ಎಳೆದು ಬರೆಯಬೇಕಿಲ್ಲ, ವರ್ಷ ತಿದ್ದಿ ಮುಚ್ಚಲೂ ಬೇಡ. ಕೇಳಿದರೆ, "ಹೋಗಿತ್ತು ಸರ್, ಮತ್ತೆ ಕಟ್ಟಿ ಪಾಸಾದೆ" ಅನ್ನು. ರೆಫರೆನ್ಸ್ ಅಂತ ನಿಮ್ಮ ಲೆಕ್ಚರರ್ ಹೆಸರು ಹಾಕಿದ್ದೀಯ, ಕೇಳಿದ್ದೀಯಾ? ಇಲ್ಲ ತಾನೇ. ನಾಳೆ ಕಂಪನಿಯವರು ಫೋನ್ ಮಾಡಿದಾಗ ಅವರು, "ಯಾರು? ಯಾವ ಬ್ಯಾಚು?" ಅಂದರೆ ನಿನ್ನ ಕತೆ ಮುಗೀತು. ಈಗ ರಾತ್ರಿಯಾಗಿದೆ, ಆ ಹೆಸರು ಸದ್ಯಕ್ಕೆ ತೆಗಿ, ಬೆಳಿಗ್ಗೆ ಹೋಗಿ ಕೇಳು. ಕಳಿಸಿದ ಮೇಲೆ ಗೊತ್ತಿಲ್ಲದ ನಂಬರಿನಿಂದ ಬಂದ ಕರೆಯನ್ನೂ ಎತ್ತು ಮಹಾರಾಯ. ಎತ್ತಿದಾಗ ಅವರು ಕೆಲಸ ಕೊಡಲು ದುಡ್ಡು ಕಟ್ಟು ಅಂದರೆ ಮಾತ್ರ ಅಲ್ಲೇ ಇಡು.

ಗಂಟೆ ಹತ್ತೂಕಾಲು. ಇನ್ನೂ ಹೊತ್ತಿದೆ. ಆ ಮಂಡಿಯ ಚೀಟಿ ಪುಸ್ತಕ ನಿಮ್ಮ ಮಾವನ ಮನೆಯಲ್ಲಿದೆಯಾ? ಓಡಿಹೋಗಿ ತಗೊಂಡು ಬಾ, ಅವನಿನ್ನೂ ಮಲಗಿರುವುದಿಲ್ಲ. ದಿನಕ್ಕೆ 40 ಅಂತ ನಾನು ಬಾಯಿಗೆ ಬಂದಿದ್ದು ಹೇಳಿದೆ. ಎಷ್ಟು ಅಂತ ಎಣಿಸಿ ಬರೆಯೋಣ.