ಒಂದು ಸಲ ಹಾಕಿದ್ದಕ್ಕೆ ₹791

ಎರಡು ವರ್ಷದ ಹಿಂದೆ, ದಸರಾ ಆಫರ್ ನಡೆಯುತ್ತಿದ್ದಾಗ, ಬೆಂಗಳೂರಿನ ಒಂದು ಮಾಲ್‌ನಲ್ಲಿ ಎರಡು ಜೀನ್ಸ್ ಕೊಂಡೆ. ಒಂದರ ಬೆಲೆ ₹4,999, ಎರಡು ತೆಗೆದುಕೊಂಡರೆ ₹7,998. ಹೊಟ್ಟೆಯನ್ನು ಒಳಗೆ ಎಳೆದು ಹಿಡಿಯುವ ‘ಶೇಪಿಂಗ್’ ಜೀನ್ಸ್ ಅವು. ನನಗಾಗ ಐವತ್ತೆರಡು. ಮುಟ್ಟು ನಿಂತು ಎರಡು ವರ್ಷವಾಗಿತ್ತು. ತೂಕ ಹೆಚ್ಚೇನೂ ಏರಿರಲಿಲ್ಲ, ಸೊಂಟ ಮಾತ್ರ 30ರಿಂದ 34 ಇಂಚಿಗೆ ಬಂದಿತ್ತು. ಈಸ್ಟ್ರೊಜೆನ್ ಇಳಿದ ಮೇಲೆ ಕೊಬ್ಬು ತೊಡೆಗಿಂತ ಹೊಟ್ಟೆಯ ಸುತ್ತಲೇ ಹೆಚ್ಚು ಕೂರುತ್ತದೆ. ಅದಕ್ಕಾಗಿ ಯಾರೂ ತಲೆತಗ್ಗಿಸಬೇಕಾಗಿಲ್ಲ. ಇದು ಗೊತ್ತಿದ್ದೂ ಒಂದನ್ನು 32ರ ಸೈಜಿನಲ್ಲಿ, ಇನ್ನೊಂದನ್ನು 30ರಲ್ಲಿ ತಂದೆ. 32 ಯಾಕೆಂದರೆ, “ಸ್ಟ್ರೆಚ್ ಇದೆ ಮೇಡಂ, ಎರಡು ಸಲ ಹಾಕಿದ್ರೆ ಸರಿ ಹೋಗುತ್ತೆ” ಎಂದಳು ಅಂಗಡಿಯ ಹುಡುಗಿ. 30ನ್ನು ಸಣ್ಣಗಾದ ಮೇಲೆ ಹಾಕಿಕೊಳ್ಳೋಣ ಎಂದು ತೀರ್ಮಾನಿಸಿದವಳು ನಾನೇ.

ಬಿಲ್ಲಿನ ಕೆಳಗೆ ‘ನಿಮ್ಮ ಉಳಿತಾಯ ₹2,000’ ಎಂದು ಅಚ್ಚಾಗಿತ್ತು. ಆ ಒಂದು ಸಾಲನ್ನು ಬಿಡಿಸಿ ನೋಡೋಣ.

32ರ ಜೀನ್ಸನ್ನು ಒಟ್ಟು ಹನ್ನೊಂದು ಸಲ ಹಾಕಿದ್ದೇನೆ. 30ರದನ್ನು ಒಮ್ಮೆಯೂ ಇಲ್ಲ. ಒಂದನ್ನೇ ಕೊಂಡು ಬಂದಿದ್ದರೆ 4,999ನ್ನು ಹನ್ನೊಂದರಿಂದ ಭಾಗಿಸಬೇಕಿತ್ತು: ಒಂದು ಸಲ ಹಾಕಿದ್ದಕ್ಕೆ ₹454. ‘ಉಳಿತಾಯ’ ಮಾಡಿ ಎರಡು ತಂದದ್ದರಿಂದ 7,998ನ್ನು ಅದೇ ಹನ್ನೊಂದರಿಂದ ಭಾಗಿಸಬೇಕು: ₹727. ಅಂದರೆ ಆ ಆಫರ್ ನನ್ನ ಖರ್ಚನ್ನು ಸಲಕ್ಕೆ ₹273 ಏರಿಸಿತು. ಲೆಕ್ಕ ಇಲ್ಲಿಗೂ ಮುಗಿಯುವುದಿಲ್ಲ. ಒಂದು ದಿನ ಅದನ್ನೇ ಹಾಕಿಕೊಂಡು ಬಸ್ಸಿನಲ್ಲಿ ಮೈಸೂರಿಗೆ ಹೊರಟಿದ್ದೆ. ಮದ್ದೂರು ದಾಟುವಷ್ಟರಲ್ಲಿ ಬಲತೊಡೆಯ ಹೊರಮೈ ಜುಮ್ಮೆನ್ನತೊಡಗಿತು. ಇಳಿಯುವ ಹೊತ್ತಿಗೆ ಅಂಗೈಯಷ್ಟು ಜಾಗದಲ್ಲಿ ಸ್ಪರ್ಶವೇ ಇಲ್ಲ. ಹಾಗೇ ಮೂರು ದಿನ ಇತ್ತು. ಬಿಗಿಯಾದ ಸೊಂಟಪಟ್ಟಿ ತೊಡೆಸಂದಿಯ ಬಳಿ ನರವನ್ನು ಒತ್ತಿದರೆ ಹೀಗಾಗುತ್ತದೆ, ಅದಕ್ಕೆ ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಎನ್ನುತ್ತಾರೆ ಎಂದರು ಡಾಕ್ಟರು. ಸಡಿಲ ಬಟ್ಟೆ ಹಾಕಿಕೊಳ್ಳಿ ಎಂಬುದೇ ಅವರು ಕೊಟ್ಟ ಔಷಧ. ಫೀಸು ₹700. ಅದನ್ನೂ ಸೇರಿಸಿ: 8,698 ಭಾಗಿಸು 11, ಸಲಕ್ಕೆ ₹791.

ಹೊಟ್ಟೆ ಎಳೆದು ಹಿಡಿಯುವ ಜೀನ್ಸನ್ನು ನಾನು ನಂಬುವುದಿಲ್ಲ. ಹಿಡಿದಿಟ್ಟ ಹೊಟ್ಟೆ ಎಲ್ಲಿಗೂ ಹೋಗುವುದಿಲ್ಲ. ಪಟ್ಟಿಯ ಮೇಲೆ ಮಡಿಕೆಯಾಗಿ ಬರುತ್ತದೆ, ಇಲ್ಲವೇ ಊಟವಾದ ಮೇಲೆ ಹುಳಿತೇಗಾಗಿ ಬರುತ್ತದೆ. ಬಟ್ಟೆಯ ಬಾಳಿಕೆಯೂ ಕಡಿಮೆ. ಅದರ ಶಕ್ತಿಯೆಲ್ಲ ಇಲಾಸ್ಟೇನ್ ಎಂಬ ನೂಲಿನಲ್ಲಿದೆ. ಬಿಸಿನೀರು, ಡ್ರೈಯರ್, ಇಸ್ತ್ರಿಯ ಕಾವು ತಗಲಿದಂತೆಲ್ಲ ಆ ನೂಲು ಸೋಲುತ್ತದೆ. ನನ್ನದು ಎಂಟನೇ ಒಗೆತಕ್ಕೇ ಮಂಡಿಯ ಬಳಿ ಜೋಲು ಬಿತ್ತು, ಸೊಂಟದಲ್ಲಿ ಮಾತ್ರ ಮೊದಲಿನಷ್ಟೇ ಬಿಗಿ. ₹5,000 ಕೊಟ್ಟವರಿಗೆ ಈ ಮಾತನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಜೀನ್ಸಿನ ಮೂಲಪುರುಷರಾದ ಜೇಕಬ್ ಡೇವಿಸ್ ಮತ್ತು ಲೆವಿ ಸ್ಟ್ರಾಸ್ 1873ರಲ್ಲಿ ತಾಮ್ರದ ರಿವೆಟ್ ಹೊಡೆದ ಪ್ಯಾಂಟಿಗೆ ಪೇಟೆಂಟ್ ಪಡೆದದ್ದು ದುಡಿಯುವವರ ಜೇಬು ಹರಿಯಬಾರದೆಂದು. ಬಗ್ಗಿ ಏಳುವವರಿಗಾಗಿ ಹುಟ್ಟಿದ ಉಡುಪಿನಲ್ಲಿ ನೆಟ್ಟಗೆ ಕೂರಲೂ ಆಗದಂತೆ ಮಾಡಿ, ಅದಕ್ಕೆ ದುಪ್ಪಟ್ಟು ಬೆಲೆ ಕೇಳುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ.

ಸಡಿಲ ಮಾಡಿಸೋಣವೆಂದು ಎರಡು ಜೀನ್ಸನ್ನೂ ತೆಗೆದುಕೊಂಡು ನಮ್ಮ ಬಡಾವಣೆಯ ಆಲ್ಟರೇಷನ್ ಅಂಗಡಿಗೆ ಹೋದೆ. ಟೈಲರ್ ಪಕ್ಕದ ಹೊಲಿಗೆಯನ್ನು ಒಳಗಿನಿಂದ ತಿರುಗಿಸಿ, ಹೆಬ್ಬೆರಳಿನಿಂದ ಸವರಿ ತೋರಿಸಿದರು. ಬಟ್ಟೆಯ ಎರಡೂ ಅಂಚು ಒಂದರೊಳಗೊಂದು ಮಡಚಿ ಹೊಲಿಗೆಯೊಳಗೇ ಹೋಗಿತ್ತು. “ಮಾರ್ಜಿನ್ ಬಿಟ್ಟಿಲ್ಲ ಮೇಡಂ. ದೊಡ್ಡದನ್ನ ಚಿಕ್ಕದು ಮಾಡ್ಕೊಡ್ತೀನಿ, ಚಿಕ್ಕದನ್ನ ದೊಡ್ಡದು ಮಾಡೋಕಾಗಲ್ಲ.” ಈ ಮಾತನ್ನು ಕೊಳ್ಳುವ ಮೊದಲೇ ಕೇಳಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಅವರೇ ನನ್ನ ಸೊಂಟಕ್ಕೆ ಟೇಪು ಹಿಡಿದರು. ನಿಂತಾಗ 34. ಸ್ಟೂಲಿನ ಮೇಲೆ ಕೂರಿಸಿ ಮತ್ತೆ ಅಳೆದರು, 36. ನನ್ನ ದಿನದ ಬಹುಪಾಲು ಕುರ್ಚಿಯಲ್ಲೇ ಕಳೆಯುತ್ತದೆ. ಇಷ್ಟು ವರ್ಷ ನಿಂತ ಸೊಂಟಕ್ಕೆ ಪ್ಯಾಂಟು ಕೊಳ್ಳುತ್ತಿದ್ದೆ.

ಈಗ ಹಾಕುತ್ತಿರುವುದು ಬಳ್ಳಾರಿಯಲ್ಲಿ ಹೊಲಿದ ಮಾಲು. ಹೆಸರಾಂತ ಬ್ರ್ಯಾಂಡಲ್ಲ, ₹1,150. ಸ್ಟ್ರೇಟ್ ಫಿಟ್, ಗಾಢ ನೀಲಿ, ಇಲಾಸ್ಟೇನ್ ಶೇಕಡಾ 1, ಉಳಿದದ್ದು ಹತ್ತಿ. ರೈಸ್, ಅಂದರೆ ತೊಡೆಸಂದಿಯ ಹೊಲಿಗೆಯಿಂದ ಪಟ್ಟಿಯವರೆಗಿನ ಎತ್ತರ, ಹತ್ತೂವರೆ ಇಂಚು. ಪಟ್ಟಿ ಹೊಕ್ಕುಳಿನ ಸ್ವಲ್ಪ ಕೆಳಗೆ ನಿಲ್ಲುತ್ತದೆ. 36ನ್ನೇ ತಂದು ಪಟ್ಟಿಯನ್ನು ಬೆನ್ನಿನ ಕಡೆ ಅರ್ಧ ಇಂಚು ಹಿಡಿಸಿ, ಉದ್ದವನ್ನು ಹಿಮ್ಮಡಿಗೆ ಸರಿಯಾಗಿ ಕತ್ತರಿಸಿ ಹೊಲಿಸಿದೆ. ಅದಕ್ಕೆ ₹150. ಹಿಂದಿನ ಜೇಬು ದೊಡ್ಡದಿದ್ದು ಸ್ವಲ್ಪ ಮೇಲಕ್ಕಿರುವುದರಿಂದ ಹಿಂದಿನಿಂದಲೂ ಚೆನ್ನಾಗಿ ಕಾಣುತ್ತದೆ. ಜೇಬು ಪುಟ್ಟದಾಗಿ ದೂರ ದೂರ ಇದ್ದರೆ ನಿತಂಬ ಅಗಲ ಕಾಣುತ್ತದೆ. ಮಗಳು ನೋಡಿ “ಅಮ್ಮ, ಇದು ನಿಂಗೆ ಒಪ್ಪತ್ತೆ” ಎಂದಳು. ಮಾಲ್‌ನ ಜೀನ್ಸ್ ಬಗ್ಗೆ ಅವಳು ಒಂದು ಮಾತೂ ಆಡಿರಲಿಲ್ಲ.

ಹದಿನಾರು ತಿಂಗಳಿಂದ ವಾರಕ್ಕೆ ಎರಡು ಸಲ, ಸುಮಾರು 138 ಸಲ ಇದನ್ನು ಹಾಕಿದ್ದೇನೆ. 1,300 ಭಾಗಿಸು 138. ಸಲಕ್ಕೆ ₹10ಕ್ಕೂ ಕಡಿಮೆ.

ತೆರಿಗೆಯನ್ನೂ ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ ₹2,500ರವರೆಗಿನ ಉಡುಪಿಗೆ ಜಿಎಸ್‌ಟಿ ಶೇಕಡಾ 5, ಅದಕ್ಕೆ ಮೇಲ್ಪಟ್ಟರೆ 18. ಇಂದು ₹4,999ರ ಜೀನ್ಸ್ ಕೊಂಡರೆ ಅದರಲ್ಲಿ ಸುಮಾರು ₹763 ತೆರಿಗೆಗೇ ಹೋಗುತ್ತದೆ.

ಹಳೆಯ ಅಳತೆಗೆ ಕೊಳ್ಳುವುದು ಜೀನ್ಸಿಗಷ್ಟೇ ಸೇರಿದ ಮಾತಲ್ಲ. ನಮ್ಮ ವಯಸ್ಸಿನ ಹೆಂಗಸರ ಬೀರುಗಳಲ್ಲಿ ‘ಇಳಿಸಿದ ಮೇಲೆ’ ಎಂಬ ಒಂದು ಅರೆ ಇದ್ದೇ ಇರುತ್ತದೆ. ಹೊಲಿಗೆ ಬಿಚ್ಚಲಾಗದ ರವಿಕೆ, ಮೈಗೆ ಏರದ ಕುರ್ತಾ, ವರ್ಷದ ದುಡ್ಡು ಕಟ್ಟಿ ನಾಲ್ಕು ದಿನ ಹೋದ ಜಿಮ್ಮಿನ ರಸೀದಿ. ಮನೆಯ ಗ್ಯಾಸು, ಹಾಲು, ಮಕ್ಕಳ ಫೀಸಿಗೆ ಪೈಸೆ ಪೈಸೆ ಲೆಕ್ಕ ಹಾಕುವವರು ನಾವು. ನಮ್ಮ ಮೈಗೆ ಮಾತ್ರ ಇಂದಿನ ಅಳತೆಯಲ್ಲಿ ಖರ್ಚು ಮಾಡಲು ಹಿಂಜರಿಯುತ್ತೇವೆ. ಹಳೆಯ ಅಳತೆ ಮರಳಿ ಬಂದರೆ ಆಗ ಕೊಳ್ಳೋಣ, ಅಂಗಡಿ ಎಲ್ಲಿಗೂ ಓಡುವುದಿಲ್ಲ.

ಮುಂದಿನ ಸಲ ಜೀನ್ಸ್ ಕೊಳ್ಳುವಾಗ ಟ್ರಯಲ್ ರೂಮಿನ ಕನ್ನಡಿಯೆದುರು ನಿಂತು ನೋಡಿ ಬಂದುಬಿಡಬೇಡಿ. ಹೊರಗೆ ಬಂದು ಒಂದು ಸ್ಟೂಲು ಕೇಳಿ. ಗುಂಡಿ ಹಾಕಿ ಐದು ನಿಮಿಷ ಕೂತು, ಬಗ್ಗಿ ಚಪ್ಪಲಿ ಹಾಕಿಕೊಂಡು ನೋಡಿ, ಆಮೇಲೆ ದುಡ್ಡು ಕೊಡಿ.