ಗುಲಾಬಿಗೆ ರೋಗ: ಔಷಧಿಗೆ ಮೊದಲು ಎಲೆ ನೋಡಿ

ಚಿಕ್ಕಬಳ್ಳಾಪುರದ ಕಡೆಯ ಎಕರೆಗಟ್ಟಲೆ ತೋಟವಾಗಲಿ, ಮನೆ ಮುಂದಿನ ನಾಲ್ಕು ಗಿಡವಾಗಲಿ, ಗುಲಾಬಿ ಎಲೆ ಕೆಟ್ಟಿತೆಂದರೆ ಮೊದಲು ಔಷಧಿ ಅಂಗಡಿಗೆ ಓಡುತ್ತೇವೆ. ಬಂದಿರುವುದು ಕಪ್ಪು ಚುಕ್ಕೆಯೋ ಬೂದಿ ರೋಗವೋ ಹೇಳದಿದ್ದರೆ ಅಂಗಡಿಯವರಾದರೂ ಏನು ಕೊಟ್ಟಾರು? ಮೊದಲನೆಯದು ಎಲೆ ಒದ್ದೆಯಾದರೆ ಬರುವಂಥದ್ದು. ಎರಡನೆಯದಕ್ಕೆ ಎಲೆ ಮೇಲೆ ನೀರೇ ಬೇಡ.

ಮಳೆಗಾಲದಲ್ಲಿ ಬುಡದ ಹತ್ತಿರದ ಎಲೆಯೊಂದನ್ನು ಕಿತ್ತು ನೋಡಿ. ದುಂಡನೆಯ ಕಪ್ಪು ಮಚ್ಚೆಯ ಅಂಚು ಹಾಳೆಯ ಮೇಲೆ ಶಾಯಿ ಒಸರಿದ ಹಾಗೆ ನೂಲುನೂಲಾಗಿ, ಸುತ್ತ ಹಳದಿ ತಿರುಗಿದ್ದರೆ ಅದು ಕಪ್ಪು ಚುಕ್ಕೆ ರೋಗ. ಗಿಡ ಅಲುಗಿಸಿದರೆ ಸಾಕು, ಅಂಥ ಎಲೆ ಉದುರುತ್ತದೆ. ಈ ಶಿಲೀಂಧ್ರ ಎಲೆಯೊಳಗೆ ಇಳಿಯಲು ಎಲೆ ಸುಮಾರು 7 ಗಂಟೆ ಒದ್ದೆಯಾಗಿರಬೇಕು. ಸಂಜೆ ಪೈಪು ಹಿಡಿದು ಗಿಡದ ತಲೆಗೆ ನೀರು ಬಿಡುವವರು ರೋಗಕ್ಕೆ ಇಡೀ ರಾತ್ರಿಯ ಅನುಕೂಲ ಮಾಡಿಕೊಡುತ್ತಾರೆ. ನೀರು ಬೆಳಿಗ್ಗೆ ಕೊಡಿ, ಬುಡಕ್ಕೆ ಕೊಡಿ.

ಹೆಚ್ಚಿನವರು ಎಡವುವುದು ಉದುರಿದ ಎಲೆಯ ವಿಷಯದಲ್ಲಿ. ಗಿಡಕ್ಕೆಲ್ಲ ಔಷಧಿ ಹೊಡೆದು, ಕೆಳಗೆ ಬಿದ್ದದ್ದನ್ನು ಹಾಗೇ ಬಿಡುತ್ತಾರೆ. ರೋಗ ಅಲ್ಲೇ ಉಳಿದು, ಮಳೆಹನಿ ಸಿಡಿದಾಗ ಮತ್ತೆ ಮೇಲೇರುತ್ತದೆ. ಆ ಎಲೆ ಆರಿಸಿ ತೋಟದಿಂದ ಹೊರಗೆ ಒಯ್ದು ಹೂಳಿ, ತಿಪ್ಪೆಗೆ ಹಾಕಬೇಡಿ. ಆಮೇಲೆ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ, ಎಲೆಯ ಎರಡೂ ಬದಿ ನೆನೆಯುವಂತೆ 10–15 ದಿನಕ್ಕೊಮ್ಮೆ ಸಿಂಪಡಿಸಿ. ಚುಕ್ಕೆ ಬಿದ್ದ ಎಲೆ ಮತ್ತೆ ಹಸಿರಾಗುವುದಿಲ್ಲ. ಔಷಧಿ ಕಾಯುವುದು ಹೊಸ ಎಲೆಯನ್ನು.

ಬೂದಿ ರೋಗದ ಕಾಲ ಚಳಿಗಾಲ: ಹಗಲು ಒಣ ಹವೆ, ರಾತ್ರಿ ತಂಪು. ಅದು ಹಿಡಿಯುವುದು ಎಳೆ ಚಿಗುರು, ಮೊಗ್ಗಿನ ತೊಟ್ಟು. ಬೆರಳಿಂದ ಉಜ್ಜಿದರೆ ವಿಭೂತಿಯಂತೆ ಹತ್ತುತ್ತದೆ. ಎಲೆ ಮುದುಡಿ, ಮೊಗ್ಗು ಸರಿಯಾಗಿ ಅರಳುವುದಿಲ್ಲ. ಯೂರಿಯಾ ಸುರಿದು ಚಿಗುರು ಮೆತ್ತಗೆ ಮಾಡಿದ ತೋಟದಲ್ಲಿ ಇದರ ಹಾವಳಿ ಜಾಸ್ತಿ. ಲೀಟರಿಗೆ 2 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಸಾಕು. ಉರಿಬಿಸಿಲಲ್ಲಿ ಮಾತ್ರ ಹೊಡೆಯಬೇಡಿ, ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದಿದ್ದರೆ ಎರಡು ವಾರ ತಡೆಯಿರಿ.

ಸವರಿದ ಟೊಂಗೆ ತುದಿಯಿಂದ ಕಪ್ಪಾಗುತ್ತ ಕೆಳಗಿಳಿಯುತ್ತಿದ್ದರೆ, ಕಪ್ಪು ಮುಗಿದಲ್ಲಿಂದ ಇನ್ನೂ ಎರಡು ಅಂಗುಲ ಕೆಳಗೆ, ಹಸಿರು ಭಾಗದಲ್ಲೇ ಕತ್ತರಿಸಿ. ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ. ಸಗಣಿ ಮೆತ್ತುವ ರೂಢಿಯೂ ಉಂಟು. ನನಗೆ ತಾಮ್ರದ ಮೇಲೆಯೇ ನಂಬಿಕೆ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ.

ಕೈಗವಸು, ಮುಖಗವಸು ಇಲ್ಲದೆ ಸಿಂಪಡಿಸಬೇಡಿ. ಗುಲ್ಕಂದಿಗೆ ದಳ ಬಿಡಿಸುವ ಗಿಡಗಳಿಗಂತೂ ಈ ಔಷಧಿಗಳನ್ನು ಮುಟ್ಟಿಸಲೇಬೇಡಿ.