ಬೂದಿ ಮುಚ್ಚಿದ ಕೆಂಡ

ಹಿಂದಿನ ಕಾಲದಲ್ಲಿ ನಮ್ಮ ಅಜ್ಜಿಯಂದಿರು ರಾತ್ರಿ ಅಡುಗೆಯ ಕೆಲಸ ಮುಗಿದ ಮೇಲೆ ಒಲೆಯ ಕೆಂಡಗಳನ್ನು ಬೂದಿಯಿಂದ ಮುಚ್ಚಿಡುತ್ತಿದ್ದರು. ಬೆಳಗಾದ ಮೇಲೆ ಬೂದಿಯನ್ನು ಸರಿಸಿ, ಊದುಗೊಳವೆಯಿಂದ ಊದಿದರೆ ಒಲೆ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಬಾಲ್ಯದ ಓದಿನ ಅಭಿರುಚಿಯೂ ಹೀಗೆಯೇ. ವಯಸ್ಸಾದಂತೆ ಅದು ನಂದಿಹೋಯಿತೆಂದು ನಾವು ಭಾವಿಸುತ್ತೇವೆ. ಆದರೆ ಒಳಗೆ ಕಾವು ಉಳಿದೇ ಇರುತ್ತದೆ. ಅಮೆರಿಕದ ಚಿತ್ರಕಥೆಗಳ ಇತಿಹಾಸದಲ್ಲಿ ನಡೆದ ಒಂದು ಘಟನೆ ಇದಕ್ಕೆ ಉತ್ತಮ ನಿದರ್ಶನವಾಗಿದೆ.

1938ರಲ್ಲಿ ಸೂಪರ್‌ಮ್ಯಾನ್ ಎಂಬ ಅತಿಮಾನುಷ ವೀರನ ಕಥೆ ಅಮೆರಿಕದಲ್ಲಿ ಪ್ರಕಟವಾಯಿತು. ಅವನ ಹಿಂದೆಯೇ ವೀರರ ದೊಡ್ಡದೊಂದು ಪರಂಪರೆ ಬೆಳೆದು ಬಂದಿತು. 1940ರಲ್ಲಿ ಬಂದ 'ಫ್ಲ್ಯಾಶ್' ಅವರಲ್ಲಿ ಒಬ್ಬ. ಜೇ ಗ್ಯಾರಿಕ್ ಎಂಬುದು ಅವನ ನಿಜವಾದ ಹೆಸರು. ಮಿಂಚಿನಂತೆ ಓಡುವುದು ಅವನ ಶಕ್ತಿ. ರೆಕ್ಕೆಗಳುಳ್ಳ ಲೋಹದ ಶಿರಸ್ತ್ರಾಣವೇ ಅವನ ಗುರುತು. ಗಾರ್ಡ್ನರ್ ಫಾಕ್ಸ್ ಎಂಬ ಲೇಖಕರು ಅವನ ಕಥೆಗಳನ್ನು ಬರೆದರು. ಹತ್ತು ಸೆಂಟುಗಳ ಈ ಪುಸ್ತಿಕೆಗಳಿಗಾಗಿ ಮಕ್ಕಳು ಕಾತರದಿಂದ ಕಾಯುತ್ತಿದ್ದರು.

ಎರಡನೆಯ ಮಹಾಯುದ್ಧ ಮುಗಿದ ಬಳಿಕ ಈ ಉತ್ಸಾಹ ಕುಂದಿತು. 1949ರಲ್ಲಿ ಫ್ಲ್ಯಾಶನ ಪುಸ್ತಿಕೆ ನಿಂತುಹೋಯಿತು. ಮಕ್ಕಳು ಕೆಲವು ವರ್ಷ ಚಿತ್ರಕಥೆಗಳನ್ನು ಓದಿ ಬಿಟ್ಟುಬಿಡುತ್ತಾರೆ, ಆಮೇಲೆ ಹೊಸ ಮಕ್ಕಳು ಬರುತ್ತಾರೆ ಎಂಬುದು ಆ ಕಾಲದ ಪ್ರಕಾಶಕರ ಸಾಮಾನ್ಯ ನಂಬಿಕೆಯಾಗಿತ್ತು. ಆದ್ದರಿಂದ 1956ರಲ್ಲಿ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಅದೇ ಹೆಸರಿನಲ್ಲಿ ಬೇರೊಬ್ಬ ವೀರನನ್ನು ಹೊರತಂದರು. ಈ ಹೊಸ ಫ್ಲ್ಯಾಶನ ಹೆಸರು ಬ್ಯಾರಿ ಆಲನ್. ಅವನು ಪೊಲೀಸ್ ಇಲಾಖೆಯ ವಿಜ್ಞಾನಿ. ಆ ಮೊದಲ ಕಥೆಯಲ್ಲಿಯೇ ಅವನು ಜೇ ಗ್ಯಾರಿಕನ ಹಳೆಯ ಪುಸ್ತಿಕೆಯನ್ನು ಓದುತ್ತಾ ಕುಳಿತಿರುತ್ತಾನೆ. ಅಂದರೆ ಬ್ಯಾರಿಯೂ ಒಬ್ಬ ಓದುಗನೇ. ಅವನ ಪಾಲಿಗೆ ಜೇ ಕೇವಲ ಕಾಗದದ ಮೇಲಿನ ವೀರ.

1961ರಲ್ಲಿ ಶ್ವಾರ್ಟ್ಸರ ಸಂಪಾದಕತ್ವದಲ್ಲಿ, ಅದೇ ಗಾರ್ಡ್ನರ್ ಫಾಕ್ಸ್ ಬರೆದು ಕಾರ್ಮೈನ್ ಇನ್‌ಫ್ಯಾಂಟಿನೊ ಚಿತ್ರಿಸಿದ ಹೊಸದೊಂದು ಕಥೆ ಪ್ರಕಟವಾಯಿತು. ಮಕ್ಕಳ ಮುಂದೆ ಚಮತ್ಕಾರ ತೋರಿಸುತ್ತಿದ್ದ ಬ್ಯಾರಿ ತನ್ನ ದೇಹವನ್ನು ಅತಿವೇಗದಿಂದ ಕಂಪಿಸುವಂತೆ ಮಾಡಿಕೊಂಡು, ಇದ್ದಕ್ಕಿದ್ದಂತೆ ಮತ್ತೊಂದು ಲೋಕವನ್ನು ಸೇರುತ್ತಾನೆ. ಅಲ್ಲಿ ಜೇ ಗ್ಯಾರಿಕ್ ನಿಜವಾಗಿಯೂ ವಾಸಿಸುತ್ತಿದ್ದಾನೆ! ಅವನ ಕಪೋಲದ ಬಳಿ ಕೂದಲು ನರೆತಿದೆ. ಪುಸ್ತಿಕೆ ನಿಂತ 1949ರಲ್ಲಿಯೇ ಅವನೂ ನಿವೃತ್ತನಾಗಿದ್ದಾನೆ. ಊರಿನಲ್ಲಿ ದುಷ್ಟರ ಹಾವಳಿ ಹೆಚ್ಚಿದಾಗ ವೃದ್ಧಾಪ್ಯದತ್ತ ಸಾಗುತ್ತಿದ್ದ ಆ ವೀರನು ಮತ್ತೆ ಶಿರಸ್ತ್ರಾಣ ಧರಿಸುತ್ತಾನೆ. ಇಬ್ಬರೂ ಜೊತೆಗೂಡಿ ಮೂವರು ದುಷ್ಟರನ್ನು ಸದೆಬಡಿಯುತ್ತಾರೆ. ಬೇರೆ ಬೇರೆ ಕಥಾಲೋಕಗಳ ವೀರರು ಹೀಗೆ ಒಂದುಗೂಡುವ ಕಥೆಗೆ 'ಕ್ರಾಸ್‌ಓವರ್' ಎಂದು ಹೆಸರು.

ಈಗ ಒಬ್ಬ ಓದುಗನನ್ನು ಊಹಿಸಿಕೊಳ್ಳಿರಿ. 1940ರಲ್ಲಿ ಅವನು ಹತ್ತು ವರ್ಷದ ಬಾಲಕ. 1961ರಲ್ಲಿ ಮೂವತ್ತೊಂದು ವರ್ಷದ ಗೃಹಸ್ಥ. ಮಗನಿಗಾಗಿ ಅಂಗಡಿಗೆ ಬಂದವನ ಕಣ್ಣಿಗೆ ಮುಖಪುಟದ ಮೇಲಿನ ಆ ರೆಕ್ಕೆಯ ಶಿರಸ್ತ್ರಾಣ ಬೀಳುತ್ತದೆ. ಪುಟ ತೆರೆದರೆ, ತಾನು ಮರೆತಿದ್ದ ಗೆಳೆಯನೂ ತನ್ನಂತೆಯೇ ವಯಸ್ಸಾಗಿ ಕುಳಿತಿದ್ದಾನೆ. 'ನೀನು ಓದಿದ್ದು ವ್ಯರ್ಥವಾಗಲಿಲ್ಲ. ನೀನು ಬಿಟ್ಟುಹೋದ ಮೇಲೆಯೂ ನಾವು ಬದುಕಿದ್ದೆವು' ಎಂದು ಆ ಕಥೆ ಅವನಿಗೆ ಹೇಳಿದಂತಾಗುತ್ತದೆ. ತಂದೆಯ ವೀರನೂ ಮಗನ ವೀರನೂ ಒಂದೇ ಪುಟದಲ್ಲಿ ಕೈಜೋಡಿಸುತ್ತಾರೆ.

ಬಾಲ್ಯದ ಓದನ್ನು ಮರೆಯದವರು ಕೇವಲ ಕಲ್ಪನೆಯ ವ್ಯಕ್ತಿಗಳಲ್ಲ. ಬಾಲ್ಯದಲ್ಲಿ ಹಳೆಯ ವೀರರ ಕಥೆಗಳನ್ನು ಓದಿ ಬೆಳೆದ ರಾಯ್ ಥಾಮಸ್ ಮುಂದೆ ಪ್ರೌಢಶಾಲೆಯ ಅಧ್ಯಾಪಕರಾದರು. ಅವರೂ ಕಾಲೇಜು ಅಧ್ಯಾಪಕ ಜೆರ್ರಿ ಬೈಲ್ಸರೂ ಸೇರಿ ಅದೇ 1961ರಲ್ಲಿ ಈ ವೀರರಿಗಾಗಿಯೇ 'ಆಲ್ಟರ್ ಈಗೊ' ಎಂಬ ಪತ್ರಿಕೆಯನ್ನು ಆರಂಭಿಸಿದರು. 1965ರಲ್ಲಿ ಥಾಮಸ್ ಚಿತ್ರಕಥೆಗಳ ಬರವಣಿಗೆಯನ್ನೇ ವೃತ್ತಿಯಾಗಿ ಕೈಗೊಂಡರು. 1981ರಲ್ಲಿ ತಮ್ಮ ಬಾಲ್ಯದ ವೀರರನ್ನು ಕುರಿತು ತಾವೇ ಕಥೆಗಳನ್ನು ಬರೆಯತೊಡಗಿದರು.

1963ರಲ್ಲಿ ಎರಡು ಲೋಕಗಳ ವೀರರ ಸಂಘಗಳೇ ಪರಸ್ಪರ ಭೇಟಿಯಾದವು. ಅಂತಹ ಸಮಾಗಮ 1985ರವರೆಗೆ ಪ್ರತಿವರ್ಷದ ಸಂಪ್ರದಾಯವಾಗಿ ನಡೆದುಬಂದಿತು. ಆದರೆ ಲೋಕಗಳು ಎರಡರಿಂದ ಹಲವಾದವು. ಹೊಸ ಓದುಗರಿಗೆ ಇದು ಗೊಂದಲವೆಂದು ಭಾವಿಸಿದ ಪ್ರಕಾಶಕರು, 1985ರಲ್ಲಿ ಆರಂಭವಾದ ಹನ್ನೆರಡು ಸಂಚಿಕೆಗಳ ಮಹಾಕಥೆಯೊಂದರ ಮೂಲಕ ಆ ಲೋಕಗಳನ್ನೆಲ್ಲ ಒಂದಾಗಿಸಿದರು. ಆ ಕಥೆಯಲ್ಲಿ ಬ್ಯಾರಿ ಆಲನ್ ಪ್ರಾಣತ್ಯಾಗ ಮಾಡುತ್ತಾನೆ. ಹಳೆಯ ಓದುಗನನ್ನು ಕೈಹಿಡಿದು ಕರೆತರುವ ನೆನಪು ಹೊಸ ಓದುಗನಿಗೆ ಮುಚ್ಚಿದ ಬಾಗಿಲಾಗಬಾರದು ಎಂಬ ಪಾಠವೂ ಇದರಲ್ಲಿದೆ. ಕೆಂಡವನ್ನು ಹದವರಿತು ಊದಬೇಕು. ಮಿತಿಮೀರಿ ಊದಿದರೆ ಬೂದಿ ಹಾರಿ ಕಣ್ಣಿಗೇ ಬೀಳುತ್ತದೆ.

ಇಂದು ನೀವು ಅಕ್ಕರೆಯಿಂದ ಓದುತ್ತಿರುವ ಪುಸ್ತಕವನ್ನು ನಾಳೆ ನೀವು ಮರೆಯಬಹುದು. ಚಿಂತೆಯಿಲ್ಲ. ಎಂದಾದರೂ ಒಂದು ದಿನ ಯಾವುದೋ ಕಥೆ ಬೂದಿಯನ್ನು ಸರಿಸೀತು. ಆಗ ಕೆಂಡ ಇನ್ನೂ ಬಿಸಿಯಾಗಿರಬೇಕಾದರೆ, ಇಂದು ಮನಸ್ಸಿಟ್ಟು ಓದಿರಬೇಕು.

ಅಭ್ಯಾಸ

1. ಓದುಗರನ್ನು ಕುರಿತು ಆ ಕಾಲದ ಪ್ರಕಾಶಕರ ನಂಬಿಕೆ ಏನಾಗಿತ್ತು? ಅದು ಸರಿಯೆ?
2. ಜೇ ಗ್ಯಾರಿಕನಿಗೂ ಓದು ಬಿಟ್ಟ ಓದುಗನಿಗೂ ಇರುವ ಹೋಲಿಕೆಯನ್ನು ವಿವರಿಸಿರಿ.
3. 'ಬೂದಿ ಮುಚ್ಚಿದ ಕೆಂಡ' ಎಂಬ ಶೀರ್ಷಿಕೆಯ ಔಚಿತ್ಯವನ್ನು ಸಮರ್ಥಿಸಿರಿ.